ಒಂದು ಮತದ ಕಥೆ ಮತ್ತು ಸದನದ ಕಡತ: ಸಂತೆಮರಹಳ್ಳಿ ಕ್ಷೇತ್ರದ ಹಿನ್ನೆಲೆಯಲ್ಲಿ ಶಾಸಕರ ಸಾಧನೆಯ ದಾಖಲೆಗಳು

ಪೀಠಿಕೆ

ಜನಪ್ರತಿನಿಧಿಯೊಬ್ಬನ ಸಾರ್ವಜನಿಕ ಜೀವನದಲ್ಲಿ ಎರಡು ಬಗೆಯ ಮತಗಳಿರುತ್ತವೆ. ಒಂದು, ಜನರು ಅವನಿಗೆ ನೀಡುವ ಮತ. ಇನ್ನೊಂದು, ಆ ಜನರ ಪರವಾಗಿ ಅವನು ಸದನದಲ್ಲಿ ಚಲಾಯಿಸುವ ಮತ. ಮೊದಲನೆಯದು ಗುಪ್ತವಾಗಿರಬೇಕೆಂದು ಕಾನೂನು ಹೇಳುತ್ತದೆ. ಎರಡನೆಯದು ಬಹಿರಂಗವಾಗಿರಬೇಕೆಂಬುದು ಪ್ರಾತಿನಿಧಿಕ ವ್ಯವಸ್ಥೆಯ ಮೂಲ ಆಶಯ. ಆದರೆ ಲೋಕಸ್ಮೃತಿಯಲ್ಲಿ ಈ ಸಂಬಂಧ ತಲೆಕೆಳಗಾಗಿರುವುದನ್ನು ಕಾಣುತ್ತೇವೆ. ಯಾರು ಯಾರಿಗೆ ಮತ ಹಾಕಿದರು, ಯಾರು ಹಾಕದೆ ಉಳಿದರು ಎಂಬ ಕಥೆಗಳು ಊರೂರಿನಲ್ಲಿ ಹಬ್ಬಿವೆ. ಶಾಸಕರು ಸದನದಲ್ಲಿ ಯಾವ ವಿಧೇಯಕದ ಪರವಾಗಿ ನಿಂತರು, ಯಾವುದನ್ನು ವಿರೋಧಿಸಿದರು ಎಂಬುದನ್ನು ಹೇಳಬಲ್ಲವರು ಮಾತ್ರ ವಿರಳ.

ಈ ವೈಪರೀತ್ಯವನ್ನು ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಒಬ್ಬ ಶಾಸಕನ ಮತದಾನ, ಪ್ರಶ್ನೆ, ಚರ್ಚೆ, ಹಾಜರಾತಿಗಳನ್ನು ಇತಿಹಾಸದ ಆಕರಗಳಾಗಿ ಬಳಸುವಾಗ ಅವು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನೂ, ಜನಪದ ಕಥನವು ಈ ಕಡತಗಳ ಪಕ್ಕದಲ್ಲಿ ಯಾವ ಸ್ಥಾನವನ್ನು ಪಡೆಯುತ್ತದೆ ಎಂಬುದನ್ನೂ ಇಲ್ಲಿ ಚರ್ಚಿಸಲಾಗಿದೆ. ಯಾವುದೇ ಪಕ್ಷದ ಅಥವಾ ವ್ಯಕ್ತಿಯ ಗುಣದೋಷಗಳ ತೀರ್ಮಾನ ಈ ಪ್ರಬಂಧದ ವ್ಯಾಪ್ತಿಗೆ ಸೇರಿದ್ದಲ್ಲ.

ಕ್ಷೇತ್ರ ಮತ್ತು ಅದರ ಕಡತಗಳು

ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿರುವ ಸಂತೆಮರಹಳ್ಳಿ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಈ ಹೆಸರಿನ ವಿಧಾನಸಭಾ ಕ್ಷೇತ್ರವು 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಸಂತೆಮರಹಳ್ಳಿ ಭಾಗವೂ ಯಳಂದೂರು ತಾಲ್ಲೂಕೂ ಕೊಳ್ಳೇಗಾಲ ಮೀಸಲು ಕ್ಷೇತ್ರದೊಳಗೆ ಸೇರಿದವು. ಜಿಲ್ಲೆಯಾದರೂ ಹಳೆಯದಲ್ಲ, 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡದ್ದು.

ಈ ಆಡಳಿತಾತ್ಮಕ ವಿವರಗಳು ಸಂಶೋಧಕನಿಗೆ ಕೇವಲ ಹಿನ್ನೆಲೆಯಲ್ಲ. ಕಡತಗಳು ಎಲ್ಲಿವೆ ಎಂಬುದನ್ನು ನಿರ್ಧರಿಸುವುದು ಇವೇ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಕೊಳ್ಳೇಗಾಲವಾದರೋ 1956ರವರೆಗೆ ಮದ್ರಾಸ್ ಪ್ರಾಂತ್ಯದ, ಆನಂತರ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಹೀಗಾಗಿ ಇಂದಿನ ಒಂದೇ ಕ್ಷೇತ್ರದ ಪೂರ್ವೇತಿಹಾಸವನ್ನು ಬಯಸುವವರು ಅರ್ಧ ಭಾಗಕ್ಕೆ ಮೈಸೂರಿನ ಸಭೆಗಳ ನಡಾವಳಿಯನ್ನೂ ಉಳಿದರ್ಧಕ್ಕೆ ಮದ್ರಾಸ್ ಶಾಸನಸಭೆಯ ನಡಾವಳಿಯನ್ನೂ ನೋಡಬೇಕಾಗುತ್ತದೆ. ಭಾಷೆ, ದೈವ, ಜಾತ್ರೆಗಳ ದೃಷ್ಟಿಯಿಂದ ಒಂದಾಗಿದ್ದ ಸೀಮೆಯು ಕಡತಗಳ ದೃಷ್ಟಿಯಿಂದ ಎರಡಾಗಿತ್ತು. ಮಲೆಯ ಮಾದೇಶ್ವರನ ಮತ್ತು ಮಂಟೇಸ್ವಾಮಿಯ ಕಾವ್ಯಗಳನ್ನು ಹಾಡುವ ಗುಡ್ಡರೂ ನೀಲಗಾರರೂ ಈ ಗಡಿಯನ್ನು ಲೆಕ್ಕಿಸಲಿಲ್ಲ. ನಡಾವಳಿಯ ಬರಹಗಾರರು ಲೆಕ್ಕಿಸಲೇಬೇಕಾಗಿತ್ತು.

ಮೈಸೂರಿನ ಕಡೆ ಈ ಪರಂಪರೆ ಬಹು ಹಿಂದಿನದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯು 144 ಪ್ರತಿನಿಧಿಗಳೊಡನೆ ಮೊದಲ ಬಾರಿಗೆ ಸೇರಿತು. ಅದಕ್ಕೆ ಆಗ ಶಾಸನ ಮಾಡುವ ಅಧಿಕಾರವಿರಲಿಲ್ಲ. ತಾಲ್ಲೂಕುಗಳಿಂದ ಬಂದವರು ಕೆರೆ, ದಾರಿ, ಕಂದಾಯ ಮೊದಲಾದವುಗಳ ಬಗ್ಗೆ ಅಹವಾಲು ಸಲ್ಲಿಸುತ್ತಿದ್ದರು. ಸರ್ಕಾರ ಉತ್ತರ ಹೇಳುತ್ತಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ರಚನೆಯಾಯಿತು. 1923ರ ಸುಧಾರಣೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ಪ್ರತಿನಿಧಿಯೆಂದರೆ ಊರಿನ ಅಹವಾಲನ್ನು ಹೊತ್ತೊಯ್ಯುವವನು ಎಂಬ ಕಲ್ಪನೆ ಶಾಸನ ರೂಪಿಸುವವನೆಂಬ ಕಲ್ಪನೆಗಿಂತ ಹಳೆಯದೆಂಬುದು ಇಲ್ಲಿ ಗಮನಾರ್ಹ. ಇಂದಿಗೂ ಜನರು ಶಾಸಕನನ್ನು ಅಳೆಯುವುದು ಬಹುಮಟ್ಟಿಗೆ ಈ ಹಳೆಯ ಮಾನದಂಡದಿಂದಲೇ.

ಒಂದು ಮತದ ಕಥನ

2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರವು ದೇಶದ ಗಮನ ಸೆಳೆಯಿತು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜನತಾದಳ (ಜಾತ್ಯತೀತ) ಪಕ್ಷದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ದೊರೆತವು. ಅಂತರ ಒಂದೇ ಮತ. ಸೋತವರು ಈ ಭಾಗದ ಹಿರಿಯ ನಾಯಕ ಬಿ. ರಾಚಯ್ಯ ಅವರ ಪುತ್ರರು. ಹಿಂದೆ ಅದೇ ಕ್ಷೇತ್ರದ ಶಾಸಕರಾಗಿದ್ದವರು.

ಈ ಫಲಿತಾಂಶದ ಬೆನ್ನಲ್ಲೇ ಒಂದು ಕಥೆ ಹುಟ್ಟಿಕೊಂಡಿತು. ಸೋತ ಅಭ್ಯರ್ಥಿಯ ವಾಹನ ಚಾಲಕನಿಗೆ ಅಂದು ಕೆಲಸದ ಒತ್ತಡದಿಂದ ಮತ ಹಾಕಲು ಬಿಡುವು ದೊರೆಯಲಿಲ್ಲ, ಆ ಒಂದು ಮತ ಬಿದ್ದಿದ್ದರೆ ಗೆಲುವು ತಪ್ಪುತ್ತಿರಲಿಲ್ಲ ಎಂಬುದು ಅದರ ಸಾರ. ಪತ್ರಿಕೆಗಳಲ್ಲಿಯೂ ಮತದಾನ ಜಾಗೃತಿಯ ಭಾಷಣಗಳಲ್ಲಿಯೂ ಈ ಕಥೆ ಮತ್ತೆ ಮತ್ತೆ ಬಂದಿದೆ. ಕಥೆಯ ಹಿಂದಿನ ಘಟನೆ ನಿಜವೇ ಎಂಬುದಕ್ಕಿಂತ, ಕಥೆಯ ರಚನೆ ಏನನ್ನು ಸೂಚಿಸುತ್ತದೆ ಎಂಬುದು ಜಾನಪದ ಅಧ್ಯಯನಕ್ಕೆ ಮುಖ್ಯವಾದದ್ದು.

ಮೊದಲನೆಯದಾಗಿ, ಇದು ಸಂಚಾರಿ ಆಶಯ. 2008ರಲ್ಲಿ ರಾಜಸ್ಥಾನದ ನಾಥದ್ವಾರ ಕ್ಷೇತ್ರದಲ್ಲಿ ಸಿ.ಪಿ. ಜೋಶಿ ಅವರು 62,215 ಮತಗಳನ್ನು ಪಡೆದು, 62,216 ಮತ ಪಡೆದ ಕಲ್ಯಾಣ್ ಸಿಂಗ್ ಚೌಹಾಣ್ ಅವರೆದುರು ಒಂದು ಮತದಿಂದ ಸೋತಾಗಲೂ, ಮನೆಯವರೇ ಮತ ಹಾಕಲಿಲ್ಲ ಎಂಬ ಕಥೆ ಪ್ರಚಾರಕ್ಕೆ ಬಂದಿತು. ದೂರದ ಎರಡು ಸೀಮೆಗಳಲ್ಲಿ ಒಂದೇ ಬಗೆಯ ಕಥೆ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ. ಸಾವಿರಾರು ಮತಗಳ ನಡುವೆ ಕಾಣೆಯಾದ ಒಂದು ಮತಕ್ಕೆ ಕಥನವು ಮುಖವನ್ನು ಬಯಸುತ್ತದೆ. ಆ ಮುಖವನ್ನು ನಾಯಕನ ಅತಿ ಸಮೀಪದಲ್ಲಿಯೇ ಹುಡುಕುತ್ತದೆ. ಕೋಟೆಯನ್ನು ಕಾದ ವೀರನು ಹೊರಗಿನ ಶತ್ರುವಿನಿಂದಲ್ಲದೆ ಒಳಗಿನ ಸಣ್ಣ ಮರೆವಿನಿಂದ ಬೀಳುವ ಕಥೆಗಳು ನಮ್ಮ ಐತಿಹ್ಯಗಳಲ್ಲಿ ಹೊಸವೇನಲ್ಲ.

ಎರಡನೆಯದಾಗಿ, ಕಥೆಯ ಲೆಕ್ಕ ಕಾನೂನಿನ ಲೆಕ್ಕಕ್ಕೆ ಹೊಂದುವುದಿಲ್ಲ. ಚಾಲಕನ ಮತ ಬಿದ್ದಿದ್ದರೂ ಗೆಲುವು ಸಿದ್ಧಿಸುತ್ತಿರಲಿಲ್ಲ. ಇಬ್ಬರಿಗೂ 40,752 ಮತಗಳಾಗಿ ಸಮನಾಗುತ್ತಿತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 65ನೆಯ ಪ್ರಕರಣದಂತೆ ಮತಗಳು ಸಮನಾದಾಗ ಚುನಾವಣಾಧಿಕಾರಿಯು ಚೀಟಿ ಎತ್ತಿ ತೀರ್ಮಾನಿಸಬೇಕು. ಚೀಟಿ ಯಾರಿಗೆ ಬರುವುದೋ ಅವರಿಗೆ ಒಂದು ಮತ ಹೆಚ್ಚಾಗಿ ದೊರೆತಂತೆ ಪರಿಗಣಿಸಲಾಗುತ್ತದೆ. ಅಂದರೆ ಆ ಮತವು ಗೆಲುವನ್ನಲ್ಲ, ಅದೃಷ್ಟಪರೀಕ್ಷೆಯ ಅವಕಾಶವನ್ನಷ್ಟೇ ತರುತ್ತಿತ್ತು. ನೀತಿಯನ್ನು ಹೇಳಹೊರಟ ಕಥೆಗೆ ಈ ತೊಡಕು ಬೇಡವಾದ್ದರಿಂದ ಅದು ಬಿಟ್ಟುಹೋಗಿದೆ.

ಮೂರನೆಯ ಅಂಶ ಇನ್ನೂ ಮುಖ್ಯವಾದದ್ದು. ಚಾಲಕನು ಮತ ಹಾಕಿದ್ದರೆ ಅದು ಒಡೆಯನಿಗೇ ಬೀಳುತ್ತಿತ್ತೆಂದು ಕಥೆ ಊಹಿಸಿಕೊಳ್ಳುತ್ತದೆ. ಮತದಾನದ ಗೋಪ್ಯತೆ ಎಂಬ ತತ್ವವಿರುವುದು ಈ ಊಹೆಯನ್ನು ತಡೆಯುವುದಕ್ಕಾಗಿಯೇ. ಅನ್ನ ಕೊಟ್ಟವನಿಗೆ ಮತವೂ ಸಲ್ಲಬೇಕೆಂಬ ಹಳೆಯ ಋಣದ ಕಲ್ಪನೆ ಹೊಸ ವ್ಯವಸ್ಥೆಯ ಕಥೆಯೊಳಗೆ ಯಾರ ಗಮನಕ್ಕೂ ಬಾರದಂತೆ ಸೇರಿಕೊಂಡಿದೆ. ಸಾಮಾನ್ಯ ಕೆಲಸಗಾರನೊಬ್ಬನ ಗುಪ್ತಮತವು ಹೀಗೆ ನಾಡಿನ ಚರ್ಚೆಯ ವಸ್ತುವಾಯಿತು. ಆದರೆ ಆ ಒಂದು ಮತದಿಂದ ಆಯ್ಕೆಯಾದ ಶಾಸಕರು ಮುಂದಿನ ವರ್ಷಗಳಲ್ಲಿ ಸದನದಲ್ಲಿ ಏನು ಮಾಡಿದರು ಎಂಬ ಪ್ರಶ್ನೆ ಕಥನದೊಳಗೆ ಎಂದೂ ಪ್ರವೇಶಿಸಲಿಲ್ಲ.

ಸದನದಲ್ಲಿ ಮತ: ಧ್ವನಿ ಮತ್ತು ಎಣಿಕೆ

ಈ ಮರೆವಿಗೆ ಜನರನ್ನಷ್ಟೇ ಹೊಣೆಯಾಗಿಸಲಾಗದು. ಶಾಸಕರ ಮತದಾನದ ದಾಖಲೆ ಬಹುಪಾಲು ಸಂದರ್ಭಗಳಲ್ಲಿ ಅಸ್ತಿತ್ವದಲ್ಲಿಯೇ ಇರುವುದಿಲ್ಲ. ಸಂವಿಧಾನದ 189ನೆಯ ಅನುಚ್ಛೇದದಂತೆ ವಿಧಾನಮಂಡಲದ ತೀರ್ಮಾನಗಳು ಹಾಜರಿದ್ದು ಮತ ನೀಡಿದ ಸದಸ್ಯರ ಬಹುಮತದಿಂದ ಆಗಬೇಕು. ಆಚರಣೆಯಲ್ಲಿ ಪೀಠದಿಂದ ಪ್ರಶ್ನೆಯನ್ನು ಮತಕ್ಕೆ ಹಾಕಿದಾಗ ಪರವಾಗಿರುವವರು 'ಹೌದು' ಎಂದೂ ವಿರುದ್ಧವಾಗಿರುವವರು 'ಇಲ್ಲ' ಎಂದೂ ಕೂಗುತ್ತಾರೆ. ಧ್ವನಿಯ ಬಲವನ್ನು ಅಂದಾಜಿಸಿ ಪೀಠವು ತೀರ್ಮಾನ ಪ್ರಕಟಿಸುತ್ತದೆ. ಯಾರಾದರೂ ಆಕ್ಷೇಪಿಸಿ ವಿಭಜನೆಯನ್ನು ಕೇಳಿದಾಗ ಮಾತ್ರ ಎಣಿಕೆ ನಡೆಯುತ್ತದೆ. ನಡಾವಳಿಯಲ್ಲಿ ವಿಧೇಯಕ ಅಂಗೀಕಾರವಾಯಿತೆಂಬ ಒಂದು ಸಾಲು ಉಳಿಯುತ್ತದೆ. ಅದರ ಹಿಂದಿನ ಧ್ವನಿಗಳಿಗೆ ಹೆಸರಿರುವುದಿಲ್ಲ.

ಮೌಖಿಕ ಪರಂಪರೆಯ ಅಭ್ಯಾಸಿಗೆ ಇದು ಕುತೂಹಲದ ಸಂಗತಿ. ಕಥೆ ಹೇಳುವವನಿಗೆ ಹೂಂಗುಟ್ಟುವವರಂತೆ, ಮುಮ್ಮೇಳಕ್ಕೆ ಸೊಲ್ಲು ಕೊಡುವ ಹಿಮ್ಮೇಳದಂತೆ, ಧ್ವನಿಮತವೂ ಸಮೂಹದ ಒಪ್ಪಿಗೆಯ ಕ್ರಮ. ಆದರೆ ಒಂದು ವ್ಯತ್ಯಾಸವಿದೆ. ಹಿಮ್ಮೇಳದವರು ಯಾರೆಂಬುದು ಎದುರು ಕುಳಿತ ಊರಿಗೆ ಗೊತ್ತಿರುತ್ತದೆ. ಸದನದ ಹಿಮ್ಮೇಳದ ಮುಖಗಳು ದೂರದ ಕ್ಷೇತ್ರಕ್ಕೆ ಕಾಣುವುದಿಲ್ಲ. ಲೋಕಸಭೆಯಲ್ಲಿ 1957ರಿಂದ ಸ್ವಯಂಚಾಲಿತ ಮತದಾಖಲೆಯ ಯಂತ್ರವಿದ್ದರೂ ಅಲ್ಲಿಯೂ ಹೆಚ್ಚಿನ ವಿಧೇಯಕಗಳು ಧ್ವನಿಮತದಿಂದಲೇ ಅಂಗೀಕಾರಗೊಳ್ಳುತ್ತವೆ.

ಎಣಿಕೆ ನಡೆದಾಗಲೂ ಆ ಮತ ಶಾಸಕನ ಸ್ವಂತದ್ದೇ ಎಂಬ ಪ್ರಶ್ನೆ ಉಳಿಯುತ್ತದೆ. 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಪಕ್ಷದ ಸಚೇತಕಾಜ್ಞೆಗೆ, ಅಂದರೆ ವಿಪ್‌ಗೆ, ವಿರುದ್ಧವಾಗಿ ಪೂರ್ವಾನುಮತಿಯಿಲ್ಲದೆ ಮತ ನೀಡಿದವರೂ ಮತದಾನದಿಂದ ದೂರ ಉಳಿದವರೂ, ಹದಿನೈದು ದಿನಗಳೊಳಗೆ ಪಕ್ಷವು ಮನ್ನಿಸದಿದ್ದಲ್ಲಿ ಅನರ್ಹತೆಗೆ ಗುರಿಯಾಗುತ್ತಾರೆ. ಆದ್ದರಿಂದ 1985ರ ನಂತರದ ಮತಪಟ್ಟಿಯನ್ನು ಶಾಸಕನ ಅಭಿಪ್ರಾಯದ ಪಟ್ಟಿಯೆಂದು ಓದುವಂತಿಲ್ಲ. ಅದು ಪಕ್ಷನಿಷ್ಠೆಯ ಪಟ್ಟಿ. ಅಮೆರಿಕದ ಕಾಂಗ್ರೆಸ್ಸಿನ ಸದಸ್ಯರನ್ನು ಮತಪಟ್ಟಿಯಿಂದ ಅಳೆಯುವ ಕ್ರಮವನ್ನು ಯಥಾವತ್ತಾಗಿ ಇಲ್ಲಿಗೆ ತರಲು ಬಾರದಿರುವುದಕ್ಕೆ ಇದೇ ಕಾರಣ.

ಕರ್ನಾಟಕದಲ್ಲಿ ಇನ್ನೊಂದು ವಿಶೇಷವಿದೆ. ನಿರ್ಣಾಯಕವಾದ ಎಣಿಕೆಗಳು ಇಲ್ಲಿ ಹಲವು ಬಾರಿ ನಡೆಯದೆಯೇ ಉಳಿದಿವೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವು ಸದನದಲ್ಲಿ ಬಹುಮತ ಸಾಬೀತುಪಡಿಸುವ ಅವಕಾಶವಿಲ್ಲದೆ ವಜಾಗೊಂಡಿತು. ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕೆಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 1994ರ ಮಾರ್ಚ್‌ನಲ್ಲಿ. 2007ರ ನವೆಂಬರ್‌ನಲ್ಲಿಯೂ 2018ರ ಮೇ ತಿಂಗಳಲ್ಲಿಯೂ ಬಿ.ಎಸ್. ಯಡಿಯೂರಪ್ಪ ಅವರು ವಿಶ್ವಾಸಮತದ ಎಣಿಕೆಗೆ ಮೊದಲೇ ರಾಜೀನಾಮೆ ಸಲ್ಲಿಸಿದರು. ಈ ಮೂರೂ ಸಂದರ್ಭಗಳಲ್ಲಿ ಯಾವ ಶಾಸಕರು ಯಾವ ಕಡೆ ನಿಲ್ಲುತ್ತಿದ್ದರೆಂಬುದಕ್ಕೆ ಸದನದ ಸಾಕ್ಷ್ಯವಿಲ್ಲ.

ಸ್ಥಾನಕ್ಕೆ ತಕ್ಕ ದಾಖಲೆ

ಮತಪಟ್ಟಿಯ ಕೊರತೆಯನ್ನು ಪ್ರಶ್ನೆ, ಚರ್ಚೆ, ಗಮನ ಸೆಳೆಯುವ ಸೂಚನೆ, ಖಾಸಗಿ ವಿಧೇಯಕ, ಸಮಿತಿಗಳ ವರದಿ ಮೊದಲಾದವು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತವೆ. ಆದರೆ ಇವುಗಳನ್ನು ಓದುವಾಗ ಸದಸ್ಯನು ಆ ಕಾಲದಲ್ಲಿ ಯಾವ ಸ್ಥಾನದಲ್ಲಿದ್ದನು ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಜಿಲ್ಲೆಯ ಮೂರು ಉದಾಹರಣೆಗಳು ಇದನ್ನು ಸ್ಪಷ್ಟಪಡಿಸುತ್ತವೆ.

ಆಲೂರಿನ ಬಿ. ರಾಚಯ್ಯ ಅವರು ಸಂತೆಮರಹಳ್ಳಿಯನ್ನು ಪ್ರತಿನಿಧಿಸಿದವರಲ್ಲಿ ಪ್ರಮುಖರು. ರಾಜ್ಯದಲ್ಲಿ ಮಂತ್ರಿಗಳಾಗಿದ್ದರು, 1977ರಲ್ಲಿ ಚಾಮರಾಜನಗರದಿಂದ ಆರನೆಯ ಲೋಕಸಭೆಗೆ ಆಯ್ಕೆಯಾದರು, ಹಿಮಾಚಲ ಪ್ರದೇಶದ ರಾಜ್ಯಪಾಲರಾದ ಬಳಿಕ 1990ರ ಡಿಸೆಂಬರ್‌ನಿಂದ 1995ರ ನವೆಂಬರ್‌ವರೆಗೆ ಕೇರಳದ ರಾಜ್ಯಪಾಲರಾಗಿದ್ದರು. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಹೇಳುತ್ತಾರೆ. ಪ್ರಶ್ನೆಗಳ ಸಂಖ್ಯೆಯಿಂದ ಅಳೆದರೆ ಇಂಥವರ ಅತ್ಯಂತ ಪ್ರಭಾವಶಾಲಿಯಾದ ವರ್ಷಗಳು ಶೂನ್ಯವಾಗಿ ಕಾಣುತ್ತವೆ. ಅವರ ಕೊಡುಗೆಯನ್ನು ಉತ್ತರಗಳಲ್ಲಿ, ಮಂಡಿಸಿದ ವಿಧೇಯಕಗಳಲ್ಲಿ, ಇಲಾಖೆಯ ಬೇಡಿಕೆಗಳ ಮೇಲಿನ ಚರ್ಚೆಯಲ್ಲಿ ಹುಡುಕಬೇಕಾಗುತ್ತದೆ.

ಎರಡನೆಯವರು ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ. ಏಳು ಬಾರಿ ವಿಧಾನಸಭೆಗೆ ಆಯ್ಕೆಯಾದ ಇವರು 1972ರಿಂದ 1978ರವರೆಗೆ ಸಭಾಧ್ಯಕ್ಷರಾಗಿದ್ದರು. ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರು ಇವರೇ. ಪ್ರತಿಪಕ್ಷದ ನಾಯಕತ್ವ ವಹಿಸಿದ ಮೊದಲ ಮಹಿಳೆಯೂ ಇವರೇ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರ್ 1, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1, ಇವೆರಡೂ ಅವರ ಅಧ್ಯಕ್ಷತೆಯ ಅವಧಿಗೆ ಸೇರಿದವು. ಆದರೆ ಸಭಾಧ್ಯಕ್ಷರು ಮೊದಲಿಗೆ ಮತ ನೀಡುವಂತಿಲ್ಲ. ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತ ಚಲಾಯಿಸಬಹುದು. ಆದ್ದರಿಂದ ನಾಡಿನ ಭೂಮಿಯ ಒಡೆತನವನ್ನೇ ಬದಲಿಸಿದ ಶಾಸನದ ಕಾಲದಲ್ಲಿ ಗುಂಡ್ಲುಪೇಟೆಯ ಪ್ರತಿನಿಧಿಯ ಮತವನ್ನು ಕಡತದಲ್ಲಿ ಹುಡುಕುವುದು ವ್ಯರ್ಥ. ಅವರ ಕಾರ್ಯವನ್ನು ಕಾಣಬೇಕಾದದ್ದು ಪೀಠದಿಂದ ನೀಡಿದ ನಿರ್ಣಯಗಳಲ್ಲಿ: ಯಾರಿಗೆ ಮಾತಾಡಲು ಅವಕಾಶ ದೊರೆಯಿತು, ಯಾವ ಸೂಚನೆ ಅಂಗೀಕೃತವಾಯಿತು, ಯಾವ ಮಾತು ಕಡತದಿಂದ ಹೊರಹೋಯಿತು ಎಂಬುದರಲ್ಲಿ.

ಮೂರನೆಯವರು ಒಂದು ಮತದಿಂದ ಗೆದ್ದ ಧ್ರುವನಾರಾಯಣ. ಇವರು ಸಂತೆಮರಹಳ್ಳಿ ಕ್ಷೇತ್ರದ ಕೊನೆಯ ಶಾಸಕರು. ಅವರ ಪಕ್ಷವು ಧರ್ಮಸಿಂಗ್ ಸರ್ಕಾರದ ಕಾಲದಲ್ಲಿ ಆಡಳಿತದಲ್ಲಿತ್ತು. 2006ರ ಫೆಬ್ರವರಿಯಿಂದ ವಿರೋಧಪಕ್ಷವಾಯಿತು. ಒಂದೇ ವಿಧಾನಸಭೆಯೊಳಗಿನ ಇವರ ದಾಖಲೆಯನ್ನು ಹೀಗೆ ಎರಡು ಭಾಗವಾಗಿ ಓದಬೇಕಾಗುತ್ತದೆ. ಆಡಳಿತಪಕ್ಷದ ಸದಸ್ಯನು ಮಂತ್ರಿಯ ಕೊಠಡಿಯಲ್ಲಿ ಕೇಳಬಹುದಾದದ್ದನ್ನು ವಿರೋಧಪಕ್ಷದ ಸದಸ್ಯನು ಸದನದಲ್ಲಿ ಕೇಳಬೇಕಾಗುತ್ತದೆ. 2008ರಲ್ಲಿ ಅವರು ಕೊಳ್ಳೇಗಾಲದಿಂದ ಗೆದ್ದು, 2009 ಮತ್ತು 2014ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಆಯ್ಕೆಯಾದರು; 2019ರಲ್ಲಿ ವಿ. ಶ್ರೀನಿವಾಸಪ್ರಸಾದ್ ಅವರೆದುರು 1,817 ಮತಗಳ ಅಂತರದಲ್ಲಿ ಸೋತರು; 2023ರ ಮಾರ್ಚ್ 11ರಂದು ನಿಧನರಾದರು.

ಸಂಸತ್ಸದಸ್ಯರ ಹಾಜರಾತಿ, ಪ್ರಶ್ನೆ, ಚರ್ಚೆಗಳನ್ನು ಲೋಕಸಭೆಯ ಸಚಿವಾಲಯ ಪ್ರಕಟಿಸುತ್ತದೆ. 2005ರಲ್ಲಿ ಆರಂಭವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯು ಇವನ್ನು ಸದಸ್ಯವಾರು ಕ್ರೋಡೀಕರಿಸುತ್ತ ಬಂದಿದೆ. ಇದು ಉಪಯುಕ್ತ ಆಕರ. ಆದರೆ ಅಂಕಿಗಳನ್ನು ಎಚ್ಚರದಿಂದ ಬಳಸಬೇಕು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆಗಳಿಗೂ ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೂ ಮಾತ್ರ ಸ್ಥಾನವಿದೆ. ಯಾವುದು ಪಟ್ಟಿಗೆ ಸೇರಬೇಕೆಂಬುದನ್ನು ಚೀಟಿ ಎತ್ತುವ ಕ್ರಮ ನಿರ್ಧರಿಸುತ್ತದೆ. ಹೀಗಾಗಿ ಪ್ರಶ್ನೆಗಳ ಸಂಖ್ಯೆಯಲ್ಲಿ ಶ್ರಮದ ಜೊತೆಗೆ ಅದೃಷ್ಟವೂ ಸೇರಿದೆ. ಖಾಸಗಿ ವಿಧೇಯಕಗಳ ಮಾತೂ ಹಾಗೆಯೇ. ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಅಂಗೀಕಾರವಾದ ಇಂಥ ವಿಧೇಯಕಗಳು 14 ಮಾತ್ರ, ಕೊನೆಯದು 1970ರಲ್ಲಿ. ಮಂಡನೆಯ ಸಂಖ್ಯೆಯು ಆಸಕ್ತಿಯನ್ನು ಸೂಚಿಸೀತು, ಫಲವನ್ನಲ್ಲ. ಸಂಖ್ಯೆಗಿಂತ ಪ್ರಶ್ನೆಯ ವಿಷಯ, ಉತ್ತರ, ಆ ಉತ್ತರದಲ್ಲಿ ನೀಡಿದ ಭರವಸೆಯ ಮುಂದಿನ ಗತಿ, ಈ ಮೂರನ್ನೂ ಕೂಡಿಸಿ ಓದುವುದು ಹೆಚ್ಚು ಫಲಪ್ರದ.

ಗೈರುಹಾಜರಿಯೆಂಬ ದಾಖಲೆ

ಸಂತೆಮರಹಳ್ಳಿ ಸೇರಿಕೊಂಡ ಕೊಳ್ಳೇಗಾಲ ಕ್ಷೇತ್ರವು 2019ರಲ್ಲಿ ಮತ್ತೊಮ್ಮೆ ಒಂದು ಮತದ ಕಾರಣದಿಂದ ಸುದ್ದಿಯಾಯಿತು. ಈ ಬಾರಿ ಅದು ಶಾಸಕರ ಮತ. ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಅವರ ವಿಶ್ವಾಸಮತ ಯಾಚನೆಯ ಮೇಲೆ ವಿಧಾನಸಭೆಯಲ್ಲಿ ಸಾಲು ಸಾಲಾಗಿ ತಲೆ ಎಣಿಸಲಾಯಿತು. ಪರವಾಗಿ 99, ವಿರುದ್ಧವಾಗಿ 105 ಮತಗಳು ಬಂದು ಸರ್ಕಾರ ಉರುಳಿತು. 2018ರಲ್ಲಿ ಬಹುಜನ ಸಮಾಜ ಪಕ್ಷದಿಂದ ಕೊಳ್ಳೇಗಾಲದಲ್ಲಿ ಗೆದ್ದು, ಅದೇ ಸರ್ಕಾರದಲ್ಲಿ ಕೆಲಕಾಲ ಶಿಕ್ಷಣ ಸಚಿವರಾಗಿದ್ದ ಎನ್. ಮಹೇಶ್ ಅವರು ಅಂದು ಸದನದಲ್ಲಿರಲಿಲ್ಲ. ಸರ್ಕಾರದ ಪರ ಮತ ನೀಡುವಂತೆ ಪಕ್ಷದ ನಾಯಕಿ ಮಾಯಾವತಿ ಸೂಚಿಸಿದ್ದರು. ಗೈರುಹಾಜರಿಗಾಗಿ ಅವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ತಟಸ್ಥವಾಗಿರಬೇಕೆಂಬ ಮೊದಲಿನ ಸೂಚನೆಯಂತೆ ತಾವು ನಡೆದುಕೊಂಡದ್ದಾಗಿ ಮಹೇಶ್ ಹೇಳಿದರು. 2021ರಲ್ಲಿ ಅವರು ಭಾರತೀಯ ಜನತಾ ಪಕ್ಷವನ್ನು ಸೇರಿದರು.

ಲೆಕ್ಕದ ದೃಷ್ಟಿಯಿಂದ ಈ ಒಂದು ಮತ ಫಲಿತಾಂಶವನ್ನು ಬದಲಿಸುತ್ತಿರಲಿಲ್ಲ. ಅಂತರ ಆರು ಮತಗಳದ್ದು. ಆದರೂ ಸಂಶೋಧಕನಿಗೆ ಇದು ಅಮೂಲ್ಯ ಉದಾಹರಣೆ. ಕಡತದಲ್ಲಿ ಇದು ಪರವೂ ಅಲ್ಲ, ವಿರೋಧವೂ ಅಲ್ಲ, ಬರಿಯ ಖಾಲಿ ಸ್ಥಳ. ಆ ಖಾಲಿ ಸ್ಥಳದ ಅರ್ಥವನ್ನು ಸದನದ ಹೊರಗಿನ ಪತ್ರಿಕೆಗಳಿಂದ, ಹೇಳಿಕೆಗಳಿಂದ, ಕ್ಷೇತ್ರದ ಮಾತುಗಳಿಂದ ತುಂಬಿಕೊಳ್ಳಬೇಕಾಗುತ್ತದೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರವು 269ಕ್ಕೆ 270 ಮತಗಳಿಂದ ಬಿದ್ದಾಗ ಲೋಕಸ್ಮೃತಿಯು ಒಡಿಶಾದ ಮುಖ್ಯಮಂತ್ರಿಯಾಗಿದ್ದೂ ಸಂಸತ್ಸದಸ್ಯತ್ವ ಉಳಿಸಿಕೊಂಡಿದ್ದ ಗಿರಿಧರ ಗಮಾಂಗ್ ಅವರ ಮತವನ್ನು ನಿರ್ಣಾಯಕವೆಂದು ಆರಿಸಿಕೊಂಡಿತು. ಪಕ್ಷದ ಆಜ್ಞೆಯನ್ನು ಮೀರಿ ಮತ ನೀಡಿದ ಸೈಫುದ್ದೀನ್ ಸೋಜ್ ಅವರದೂ ಅಷ್ಟೇ ನಿರ್ಣಾಯಕವಾಗಿತ್ತು. ವಾಸ್ತವವಾಗಿ ಆ 270ರಲ್ಲಿ ಪ್ರತಿಯೊಂದೂ ನಿರ್ಣಾಯಕವೇ. ಎಣಿಕೆಗೆ ಎಲ್ಲ ಮತಗಳೂ ಸಮ. ಕಥನಕ್ಕೆ ಒಂದೇ ಸಾಕು.

2023ರ ಚುನಾವಣೆಯಲ್ಲಿ ಕೊಳ್ಳೇಗಾಲದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಎ.ಆರ್. ಕೃಷ್ಣಮೂರ್ತಿ ಅವರು ಮಹೇಶ್ ಅವರನ್ನು 59 ಸಾವಿರಕ್ಕೂ ಮೀರಿದ ಅಂತರದಲ್ಲಿ ಸೋಲಿಸಿದರು. ಆದರೂ ಅವರ ಹೆಸರಿನೊಡನೆ ಲೋಕವು ನೆನೆಯುವುದು 59 ಸಾವಿರವನ್ನಲ್ಲ, 2004ರ ಒಂದನ್ನೇ.

ಜನರ ಕಡತ

ಸದನದ ದಾಖಲೆ ಊರಿಗೆ ತಲುಪದಿದ್ದಾಗ ಊರು ತನ್ನದೇ ದಾಖಲೆಯನ್ನು ಇಟ್ಟುಕೊಳ್ಳುತ್ತದೆ. ಶಂಕುಸ್ಥಾಪನೆಯ ಕಲ್ಲು, ಸಮುದಾಯ ಭವನದ ನಾಮಫಲಕ, ಬಸ್ ತಂಗುದಾಣದ ಮೇಲಿನ ಹೆಸರು, ಇವು ಈ ಕಾಲದ ದಾನಶಾಸನಗಳು. 1993ರ ಡಿಸೆಂಬರ್‌ನಲ್ಲಿ ಆರಂಭವಾದ ಸಂಸತ್ಸದಸ್ಯರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯು, 2011-12ರಿಂದ ಸದಸ್ಯರೊಬ್ಬರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಗಳ ಕಾಮಗಾರಿ ಶಿಫಾರಸು ಮಾಡುವ ಅವಕಾಶ ನೀಡಿ, ಈ ಬಗೆಯ ಶಾಸನಗಳನ್ನು ಹೆಚ್ಚಿಸಿತು. ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡಿಗೆ ಇದು ಅಪರಿಚಿತ ಭಾಷೆಯಲ್ಲ.

ಈ ಕಡತವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಮೇಲೆ ಹೇಳಿದ ಪ್ರಜಾಪ್ರತಿನಿಧಿ ಸಭೆಯ ಅಹವಾಲಿನ ಪರಂಪರೆಯೇ ಇದರ ಹಿಂದಿದೆ. ಆದರೆ ಇದಕ್ಕೊಂದು ಮಿತಿಯಿದೆ. ಕಲ್ಲಿನ ಮೇಲೆ ಬರೆಯಬಹುದಾದದ್ದು ಕಟ್ಟಿದ್ದನ್ನು ಮಾತ್ರ. ಶಾಸನವಾಗಿ ಮಾಡಿದ್ದನ್ನು, ಬೇಡವೆಂದು ತಡೆದದ್ದನ್ನು, ಕೇಳದೆ ಬಿಟ್ಟ ಪ್ರಶ್ನೆಯನ್ನು ಕಲ್ಲು ಹೇಳಲಾರದು. ಗೇಣಿದಾರನ ಬದುಕನ್ನು ಬದಲಿಸಿದ್ದು ಶಂಕುಸ್ಥಾಪನೆಯ ಕಲ್ಲಲ್ಲ, ಕಾನೂನಿನ ಒಂದು ಪ್ರಕರಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಡಿನ ಹಕ್ಕನ್ನು ನಿರ್ಧರಿಸಿದ್ದೂ ಕಾನೂನೇ. ಇಂಥ ವಿಷಯಗಳಲ್ಲಿ ತಮ್ಮ ಪ್ರತಿನಿಧಿ ಎಲ್ಲಿ ನಿಂತಿದ್ದರೆಂದು ತಿಳಿಯುವ ದಾರಿ ಜನರಿಗಿಲ್ಲದಿದ್ದರೆ, ಅವರ ತೀರ್ಪು ಕಟ್ಟಡಗಳ ಎಣಿಕೆಗೆ ಸೀಮಿತವಾಗುವುದು ಅನಿವಾರ್ಯ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳನ್ನು ಸೂಚಿಸಬಹುದಾಗಿದೆ. ಶಾಸಕರ ದಾಖಲೆಯನ್ನು ರಚಿಸುವವರು ಸದಸ್ಯ, ಸಚಿವ, ಸಭಾಧ್ಯಕ್ಷ ಎಂಬ ಸ್ಥಾನಭೇದವನ್ನೂ ಆಡಳಿತಪಕ್ಷ, ವಿರೋಧಪಕ್ಷ ಎಂಬ ಕಾಲಭೇದವನ್ನೂ ಗುರುತಿಸಿ ವಿಂಗಡಿಸಬೇಕು. ಧ್ವನಿಮತದಿಂದಾದ ತೀರ್ಮಾನಗಳಲ್ಲಿ ಚರ್ಚೆಯ ಮಾತುಗಳನ್ನೇ ನಿಲುವಿನ ಸಾಕ್ಷ್ಯವಾಗಿ ಬಳಸಬೇಕು. 1985ಕ್ಕೆ ಮುಂಚಿನ ಮತ್ತು ನಂತರದ ಮತಪಟ್ಟಿಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬಾರದು. ಗೈರುಹಾಜರಿಯನ್ನೂ ಒಂದು ನಮೂದಾಗಿ ಪರಿಗಣಿಸಬೇಕು. ಕ್ಷೇತ್ರಗಳು ಅಳಿದು ಸೇರುವುದರಿಂದ ದಾಖಲೆಯನ್ನು ಕ್ಷೇತ್ರದ ಹೆಸರಿನಡಿಯಲ್ಲದೆ ಹೋಬಳಿ, ಗ್ರಾಮಗಳ ಅಡಿಯಲ್ಲಿಯೂ ಜೋಡಿಸುವುದು ಒಳಿತು. ಇಲ್ಲವಾದರೆ ಸಂತೆಮರಹಳ್ಳಿಯಂಥ ಕ್ಷೇತ್ರಗಳ ಚರಿತ್ರೆ 2008ರಲ್ಲಿಯೇ ನಿಂತುಬಿಡುತ್ತದೆ. ಜಿಲ್ಲಾ ಕೇಂದ್ರ ಗ್ರಂಥಾಲಯಗಳಲ್ಲಿ ಆಯಾ ಜಿಲ್ಲೆಯ ಸದಸ್ಯರ ಪ್ರಶ್ನೋತ್ತರ ಮತ್ತು ಭಾಷಣಗಳ ಸೂಚಿಯೊಂದನ್ನು ಸಿದ್ಧಪಡಿಸಿ ಇಡುವುದು ಕಷ್ಟದ ಕೆಲಸವೇನಲ್ಲ.

ಜಾನಪದ ಸಂಗ್ರಹಕಾರರಿಗೂ ಇಲ್ಲಿ ಪಾಲಿದೆ. ಒಂದು ಮತದ ಕಥೆಯನ್ನು ದಾಖಲಿಸುವಂತೆಯೇ, ಸದನದಲ್ಲಿ ಆಡಿದ ಮಾತು ಊರಿಗೆ ಹೇಗೆ ತಲುಪಿತು, ಯಾವ ರೂಪದಲ್ಲಿ ಉಳಿಯಿತು ಎಂಬುದನ್ನೂ ದಾಖಲಿಸಬೇಕು. 40,752 ಮತದಾರರು ಒಂದು ಕಡೆ, 40,751 ಮತದಾರರು ಇನ್ನೊಂದು ಕಡೆ ನಿಂತು ಒಬ್ಬ ಪ್ರತಿನಿಧಿಯನ್ನು ಸದನಕ್ಕೆ ಕಳುಹಿಸಿದರು. ಗೆಲ್ಲಿಸಿದವರಿಗೂ ಸೋಲಿಸಲು ನಿಂತವರಿಗೂ ಅವರು ಅಲ್ಲಿ ಮಾಡಿದ್ದೇನೆಂದು ತಿಳಿಯುವ ಹಕ್ಕು ಸಮಾನವಾದದ್ದು.